ಅರವತ್ತಮೂರನೆಯ ಪುಟ

ಚನ್ನಬಸವಯ್ಯನವರು ಜೀವಮಾನದಲ್ಲಿ ಒಮ್ಮೆಯೂ ಚೌಕಾಸಿ ಮಾಡಿದವರಲ್ಲ. ಬದನೆಕಾಯಿ ಮಾರುವವಳು ಹೇಳಿದಷ್ಟು ಕೊಟ್ಟು, ಚಿಲ್ಲರೆ ನೋಡದೆ ಜೇಬಿಗೆ ಹಾಕಿಕೊಂಡು, ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಬರುತ್ತಿದ್ದರು. ಅಂಥವರು ಚೌಕಾಸಿಯ ಮಹಿಮೆಯನ್ನು ಕುರಿತು ನೂರೆಂಬತ್ತು ಪುಟಗಳ ಪುಸ್ತಕ ಬರೆದರೆ ಆಶ್ಚರ್ಯಪಡಬೇಕಾಗಿಲ್ಲ. ಈಜು ಬಾರದವರಿಗೆ ದಡದಲ್ಲಿ ನಿಂತು ಹೊಳೆಯನ್ನು ನೋಡಲು ಬೇಕಾದಷ್ಟು ಬಿಡುವಿರುತ್ತದೆ.

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಅವರ ತಂದೆ ಈಶ್ವರಯ್ಯನವರಿಗೆ ದಿನಸಿ ಮಂಡಿ ಇತ್ತು. ಮಗನಿಗೆ ಎರಡು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ಈಶ್ವರಯ್ಯನವರು ಮಗುವನ್ನು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣಕ್ಕೆ, ಮಕ್ಕಳಿಲ್ಲದ ವಿಧವೆ ಅಕ್ಕ ಗುರುಸಿದ್ದಮ್ಮನ ಮಡಿಲಿಗೆ ಹಾಕಿ ಬಂದರು. ಅಲ್ಲಿ ಹನ್ನೆರಡು ವರ್ಷ, ಹಾಸನದ ಹೈಸ್ಕೂಲಿನಲ್ಲಿ ನಾಲ್ಕು, ಮೈಸೂರಿನಲ್ಲಿ ಆರು. ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ೧೯೩೩ರಲ್ಲಿ ಹುಡುಗ ಮೈಸೂರಿನ ಒಂದು ಕಾಲೇಜಿನಲ್ಲಿ ಅಧ್ಯಾಪಕನಾದ. ಮಂಡಿಯಲ್ಲಿ ಕೂರಲೊಲ್ಲದ ಮಗ ಮಂಡಿಯ ಶಾಸ್ತ್ರ ಹೇಳಿ ಸಂಬಳ ತರುತ್ತಾನೆಂಬುದನ್ನು ಈಶ್ವರಯ್ಯನವರು ಸಾಯುವವರೆಗೂ ಪೂರ್ತಿ ನಂಬಲಿಲ್ಲ.

“ಅಕ್ಕಿ ಧಾರಣೆ ಯಾಕ್ ಏರ್ತದೆ ಅಂತ ಏಳ್ಕೊಡ್ತಾನಂತೆ,” ಎನ್ನುತ್ತಿದ್ದರು ಗಿರಾಕಿಗಳ ಮುಂದೆ. “ಏರಾಕ್ ಮುಂಚೆ ಒಸಿ ಏಳಪ್ಪಾ ಅಂದ್ರೆ, ಅದು ಸಾಸ್ತ್ರದಾಗಿಲ್ವಂತೆ.”

ಮೈಸೂರಿಗೆ ಓದಲು ಹೋದ ವರ್ಷದಿಂದಲೂ, ಬೇಸಿಗೆ ರಜೆ ಬಂದರೆ ಚನ್ನಬಸವಯ್ಯನವರು ನೋಟ್‌ಬುಕ್ಕು ಹಿಡಿದು ಚನ್ನರಾಯಪಟ್ಟಣದ ಸಂತೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಲ್ಲುತ್ತಿದ್ದರು. ದನದ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಒಬ್ಬರ ಬೆರಳನ್ನೊಬ್ಬರು ಹಿಡಿದು ಬೆಲೆ ಕೂಡಿಸುವುದನ್ನು ಕಂಡು ಅವರ ಕಣ್ಣು ತೇವವಾಗುತ್ತಿತ್ತು. ಯಾವ ದೊರೆಯ ಅಪ್ಪಣೆಯೂ ಇಲ್ಲದೆ ಇಷ್ಟು ಜನ ಹೇಗೆ ಒಪ್ಪಂದಕ್ಕೆ ಬರುತ್ತಾರೆ! ಧಾರಣೆಗೆ ಬಾಯಿದೆ, ಸರ್ಕಾರ ಅದನ್ನು ಕೈಯಿಂದ ಮುಚ್ಚಬಾರದು ಎಂಬುದು ಅವರ ಸಿದ್ಧಾಂತ. ೧೯೪೧ರಲ್ಲಿ ಕೈಯಿಂದಲೇ ಹಣ ಹಾಕಿ ಅಚ್ಚು ಮಾಡಿಸಿದ ‘ಧಾರಣೆಯ ಧರ್ಮ’ದಲ್ಲಿ ಇದನ್ನೇ ಹನ್ನೊಂದು ಅಧ್ಯಾಯಗಳಲ್ಲಿ ಹೇಳಿದ್ದರು. ಐನೂರು ಪ್ರತಿಗಳಲ್ಲಿ ಮುನ್ನೂರ ಎಂಬತ್ತು ಅವರ ಮಂಚದ ಕೆಳಗೇ ಉಳಿದವು. ಮಾರುಕಟ್ಟೆ ತನ್ನ ತೀರ್ಪು ಕೊಟ್ಟಿತ್ತು. ಆ ಒಂದು ತೀರ್ಪನ್ನು ಮಾತ್ರ ಲೇಖಕರು ಒಪ್ಪಲಿಲ್ಲ.

ಅರ್ಥಶಾಸ್ತ್ರಕ್ಕೆ ಸಾಕ್ಷ್ಯ ಬೇಕು ಎಂಬುದು ಅವರ ಇನ್ನೊಂದು ನಂಬಿಕೆ. ಅದಕ್ಕೇ ಅರವತ್ತಮೂರನೆಯ ಪುಟದಲ್ಲಿ ಹೀಗೆ ಬರೆದಿದ್ದರು: “ಖಾಸಗಿ ದಾಸ್ತಾನು ದೇಶದ್ರೋಹವಲ್ಲ, ದೇಶಸೇವೆ. ಉದಾಹರಣೆಗೆ, ಅರಕಲಗೂಡು ತಾಲ್ಲೂಕು ಮಲ್ಲಿಪಟ್ಟಣದಲ್ಲಿ ನನ್ನ ಸೋದರತ್ತೆಯವರ ಕಣದ ಈಶಾನ್ಯ ಮೂಲೆಯಲ್ಲಿ, ಹುಣಿಸೆ ಮರದಿಂದ ಹದಿನಾಲ್ಕು ಹೆಜ್ಜೆ ದೂರದಲ್ಲಿ, ನೆಲದೊಳಗೆ ಮೂವತ್ತು ಪಲ್ಲ ರಾಗಿ ಹಿಡಿಯುವ ಹಗೇವೊಂದಿದೆ. ಅದು ಎಂದೂ ಬರಿದಾಗಿಲ್ಲ.”

ಗುರುಸಿದ್ದಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಪುಸ್ತಕ ಬಂದ ವರ್ಷ ಜಗಲಿಯ ಮೇಲೆ ಕೂರಿಸಿ ಆ ಪುಟವನ್ನು ಓದಿ ಹೇಳಿದರು.

“ಅಂದ್ರೆ ನಮ್ ಅಗೇವು ಅಚ್ಚಾಗೈತಾ?”

“ಹೂಂ ಅತ್ತೆ.”

“ಉಣ್ಸೆಮರಾನೂವಾ?”

“ಹುಣಿಸೆಮರಾನೂ.”

“ಸರಿ ಬುಡು. ಮುಂದುಕ್ ಓದು.”

ಮುಂದಿನ ಸಾಲು ಹೀಗಿತ್ತು: “ಧಾರಣೆಗಿಂತ ಕಡಿಮೆಗೆ ಕೊಡುವವನು ಪಡೆಯುವವನ ಮಾನ ಕಳೆಯುತ್ತಾನೆ.” ಆಕೆ ಅದನ್ನು ಎರಡು ಸಲ ಓದಿಸಿಕೊಂಡಳು. “ಅಂಗಾ?” ಎಂದಳು. “ನಂಗ್ ಗೊತ್ತೇ ಇರ್ನಿಲ್ಲ ಕಣ್ ಮಗ.” ಆಮೇಲೆ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕದಲ್ಲಿಟ್ಟಳು. ಮಲ್ಲಿಪಟ್ಟಣದಲ್ಲಿ ಎಲ್ಲರಿಗೂ ಹಗೇವುಗಳಿದ್ದವು. ಅಚ್ಚಾದ ಹಗೇವು ಆಕೆಯದೊಂದೇ. ನೀರಿಗೆ ಬಂದವರಿಗೆಲ್ಲ ಹೇಳಿದಳು.

ಅಷ್ಟರಲ್ಲಿ ಯುದ್ಧ ಹತ್ತಿರ ಬಂತು, ರಾಗಿಯ ಧಾರಣೆ ಏರಿತು, ಅದರ ಹಿಂದೆಯೇ ಲೆವಿ ಬಂತು. ಊಟಕ್ಕೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕ ರಾಗಿಯನ್ನೆಲ್ಲ ಸರ್ಕಾರ ಹೇಳಿದ ಬೆಲೆಗೆ ಡಿಪೋಗೆ ಅಳೆಯಬೇಕು. ಚನ್ನಬಸವಯ್ಯನವರು ಹಾಸನದಲ್ಲಿ ಇದರ ವಿರುದ್ಧ ಒಂದೂವರೆ ಗಂಟೆ ಭಾಷಣ ಮಾಡಿದರು. ಮುಂದಿನ ಸಾಲಿನಲ್ಲಿ ಅರಕಲಗೂಡಿನ ಅಮಲ್ದಾರರು ಕೂತಿದ್ದರು. ತೆಳ್ಳಗೆ, ಕನ್ನಡಕ ಹಾಕಿಕೊಂಡು, ಎಲ್ಲಿಯೂ ಆಕಳಿಸದೆ ಕೇಳಿದರು. ಭಾಷಣ ಮುಗಿದ ಮೇಲೆ ಬಂದು ಪುಸ್ತಕವೊಂದನ್ನು ಕೇಳಿದರು. “ಮಾರ್ಮಿಕ ಓದುಗರಿಗೆ” ಎಂದು ಬರೆದು, ಸಹಿ ಹಾಕಿ, ಲೇಖಕರು ಅದನ್ನು ಬಿಟ್ಟಿಯಾಗಿಯೇ ಕೊಟ್ಟರು.

೧೯೪೪ರ ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ, ಚನ್ನಬಸವಯ್ಯನವರು ಮಲ್ಲಿಪಟ್ಟಣದ ಜಗಲಿಯಲ್ಲಿ ಕೂತಿದ್ದಾಗ, ಜಟಕಾ ಬಂದು ನಿಂತಿತು. ಅಮಲ್ದಾರರು, ಇಬ್ಬರು ಜವಾನರು, ಊರಿನ ಪಟೇಲ ದೊಡ್ಡಯ್ಯ. ಚನ್ನಬಸವಯ್ಯನವರ ಕಣ್ಣಿಗೆ ಮೊದಲು ಬಿದ್ದದ್ದು ಅಮಲ್ದಾರರ ಕಂಕುಳಲ್ಲಿದ್ದ ಪುಸ್ತಕ. ನ್ಯೂಸ್ ಪೇಪರಿನ ಹೊದಿಕೆ ಹಾಕಿತ್ತು. ತೆರೆದರೆ ಪುಟಪುಟಕ್ಕೂ ಕೆಂಪು ಪೆನ್ಸಿಲಿನ ಗೆರೆ. ಲೇಖಕರ ಎದೆ ಅರಳಿತು. ಮೂರು ವರ್ಷದಲ್ಲಿ ತಮ್ಮ ಪುಸ್ತಕವನ್ನು ಕೊನೆಯವರೆಗೆ ಓದಿದ ಒಬ್ಬನನ್ನೂ ಅವರು ಕಂಡಿರಲಿಲ್ಲ. ಆ ಗಳಿಗೆಯಲ್ಲಿ ತಮ್ಮ ಎದೆ ಅರಳಿತ್ತೆಂಬುದನ್ನು ನೆನೆದೇ ಮುಂದೆ ಅವರು ಎಷ್ಟೋ ಸಲ ಒಬ್ಬರೇ ಇದ್ದಾಗ ಕೆಂಪಾಗುತ್ತಿದ್ದರು.

“ಅರವತ್ತಮೂರನೆಯ ಪುಟ,” ಎಂದರು ಅಮಲ್ದಾರರು.

ಕಣದ ಈಶಾನ್ಯ ಮೂಲೆಯಲ್ಲಿ ಹಗೇವಿನ ಬಾಯಿ ಕಾಣುತ್ತಿರಲಿಲ್ಲ. ಲೆವಿಯ ಸುದ್ದಿ ಬಂದ ವಾರವೇ ಗುರುಸಿದ್ದಮ್ಮ ಅದರ ಮೇಲೆ ಹುಲ್ಲಿನ ಮೆದೆ ಒಟ್ಟಿಸಿದ್ದಳು. ಒಟ್ಟಿದವನು ಆಳು ಲಕ್ಕಯ್ಯ. ಈಗ ಅದೇ ಮೆದೆಗೆ ಒರಗಿ, ಏನೂ ಕೇಳಿಸದವನಂತೆ ಹಗ್ಗ ಹೊಸೆಯುತ್ತಿದ್ದ. ವರ್ಷವರ್ಷವೂ ಹಗೇವಿಗೆ ಇಳಿಯುವವನು ಅವನೇ. ಹಗೇವಿನ ಹೊಟ್ಟೆಯೊಳಕ್ಕೆ ಇಳಿಯಬಹುದಾಗಿದ್ದ ಲಕ್ಕಯ್ಯ ಆ ಮನೆಯ ಜಗಲಿ ಹತ್ತುವಂತಿರಲಿಲ್ಲ. ‘ಧಾರಣೆಯ ಧರ್ಮ’ದಲ್ಲಿ ಈ ಬಗ್ಗೆ ಅಧ್ಯಾಯವಿಲ್ಲ.

“ಹೋದ ತಿಂಗಳು ಒಂದು ಊರಿನಲ್ಲಿ ಅವರಿವರ ಮಾತು ಕೇಳಿ ಕಣ ಅಗೆಸಿದೆ,” ಎಂದರು ಅಮಲ್ದಾರರು ಮೆಲ್ಲಗೆ. “ಏನೂ ಸಿಗಲಿಲ್ಲ. ಮೇಲಿನವರಿಂದ ಕಾಗದ ಬಂತು. ಆದ್ದರಿಂದ ಲೇಖಕರನ್ನೇ ಕೇಳುತ್ತೇನೆ. ಇಲ್ಲಿ ಬರೆದಿರುವುದು ನಿಜವೇ?”

ಮನೆಯೊಳಗೆ ಬೀಸುವ ಕಲ್ಲಿನ ಸದ್ದು ನಿಂತಿತು. ಆ ರಾಗಿ ಹೋದರೆ ಅತ್ತೆಗೆ ಊಟಕ್ಕೆಂದು ಸರ್ಕಾರ ಬಿಡುವ ಪಾಲು ಉಳಿಯುತ್ತದೆ. ಅದರಿಂದ ಕೂಲಿ ಪಡೆಯುವ ಲಕ್ಕಯ್ಯನ ಕೇರಿಯ ಏಳು ಮನೆಗಳಿಗೆ ಅರಕಲಗೂಡಿನ ಡಿಪೋದ ಪಡಿತರವೊಂದೇ ಉಳಿಯುತ್ತದೆ. 

“ಅದು... ಉದಾಹರಣೆಗಾಗಿ ಕಲ್ಪಿಸಿದ್ದು,” ಎಂದರು ಚನ್ನಬಸವಯ್ಯನವರು.

“ಹುಣಿಸೆಮರ ಇದೆಯಲ್ಲ?”

“ಮರ ಇದೆ. ಹಗೇವು ಕಲ್ಪನೆ.”

“ಸರಿ.” ಅಮಲ್ದಾರರು ಕೆಂಪು ಪೆನ್ಸಿಲು ತೆಗೆದರು. “ನಲವತ್ತನೆಯ ಪುಟದಲ್ಲಿ ಚನ್ನರಾಯಪಟ್ಟಣದ ಸಂತೆಯ ಎಂಟು ವಾರದ ಧಾರಣೆ ಕೊಟ್ಟಿದ್ದೀರಿ. ಅದು?”

ಒಂದು ಸುಳ್ಳಾದ ಮೇಲೆ ಇನ್ನೊಂದನ್ನು ನಿಜವೆಂದರೆ ಮೊದಲನೆಯದರ ಮೇಲೆ ಅನುಮಾನ ಬರುತ್ತದೆ. “ಅದೂ ಸುಮಾರಾಗಿ,” ಎಂದರು.

ಒಂದು ಗೆರೆ. “ಎಪ್ಪತ್ತೆಂಟರಲ್ಲಿ ಹೊಳೆನರಸೀಪುರದ ಮಂಡಿ?”

“ಅದೂ.”

ಇನ್ನೊಂದು ಗೆರೆ. ಹತ್ತು ನಿಮಿಷದಲ್ಲಿ ಹದಿನೇಳು ವರ್ಷದ ಕೆಲಸ ಕೆಂಪಾಯಿತು. ಪಟೇಲ ದೊಡ್ಡಯ್ಯನಿಗೆ ಖುಷಿ ತಡೆಯಲಾಗಲಿಲ್ಲ. ಅವನ ಕೊಟ್ಟಿಗೆಯ ಕೆಳಗಿನ ಹಗೇವು ಇದರ ಎರಡರಷ್ಟಿತ್ತು. ಇಲ್ಲಿ ಏನೂ ಸಿಗದಿದ್ದರೆ ಅವನಿಗೂ ಒಳ್ಳೆಯದೇ.

“ಏನ್ ಮೇಷ್ಟ್ರೇ, ಪುಸ್ತಕದ್ ತುಂಬಾ ಬರೀ ಬುರುಡೆ ಬುಟ್ಟಿದ್ದೀರಲ್ಲಪ್ಪಾ! ನಾವು ಒಂದ್ ಸುಳ್ಳೇಳಾಕೆ ಮೂರ್ ದಿನ ಯೋಚ್ನೆ ಮಾಡ್ತೀವಿ ಕಣಿ.”

ಅಮಲ್ದಾರರು ಅರವತ್ತಮೂರನೆಯ ಪುಟವನ್ನು ಮುಂದಿಟ್ಟರು. “ಇದು ಸುಳ್ಳು ಎಂದು ಬರೆದು ಒಂದು ಸಹಿ ಹಾಕಿಬಿಡಿ. ನಾನು ಹೊರಡುತ್ತೇನೆ.”

ಚನ್ನಬಸವಯ್ಯನವರು ಬರೆದರು. ಅಕ್ಷರ ದುಂಡಗೆ, ಸ್ಪಷ್ಟವಾಗಿ ಬಂತು. ಅವರ ಕೈಬರಹ ಯಾವಾಗಲೂ ಚೆನ್ನಾಗಿತ್ತು.

ಗುರುಸಿದ್ದಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಕೈಯಲ್ಲಿ ದೇವರ ಗೂಡಿನ ಪ್ರತಿ, ರಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ.

“ಏನ್ ಬರ್ದೆ ಮಗ?”

“ಒಳಗೆ ಹೋಗು ಅತ್ತೆ.”

“ಸುಳ್ಳು ಅಂತ ಬರ್ದವ್ರೆ ಕಣಮ್ಮೋ,” ಎಂದ ದೊಡ್ಡಯ್ಯ. “ಅವ್ರೇ ಸಯಿ ಆಕವ್ರೆ.”

ಆಕೆ ಸೋದರಳಿಯನನ್ನು ನೋಡಿದಳು. ಅವರು ಹುಣಿಸೆಮರವನ್ನು ನೋಡಿದರು.

“ನೋಡಿ ಸೋಮಿ,” ಎಂದಳು ಅಮಲ್ದಾರರಿಗೆ. “ಎಲ್ಡು ವರ್ಸದ್ ಕೂಸ ನನ್ ಮಡ್ಲಿಗಾಕಿ ಓದ್ರು. ಒಲ ಮನೆ ಎಲ್ಲಾ ಮಾವ್ನೋರು ಮಾಡಿದ್ದು. ನಾನು ಅಂತ ಮಾಡಿದ್ದು ಇವನೊಬ್ಬನ್ನೇ. ಇವ್ನು ಸುಳ್ ಬರ್ಯಾಕಿಲ್ಲ.”

“ಅತ್ತೆ!”

“ಬಾಯ್ಮುಚ್ಲಾ! ಈಟು ವರ್ಸ ಊರ್ಗೆಲ್ಲಾ ಏಳ್ಕಂಡ್ ತಿರುಗಿವ್ನಿ. ಲಕ್ಕಯ್ಯ, ಮೆದೆ ಸರ್ಸು.”

ಲಕ್ಕಯ್ಯ ಹಗ್ಗ ಕೆಳಗಿಟ್ಟ. ಆದರೆ ಏಳಲಿಲ್ಲ. “ಅವ್ವಾ, ಯೋಚ್ನೆ ಮಾಡು.”

“ಸರ್ಸು ಅಂದ್ನಲ್ಲ.”

ಮೆದೆ ಸರಿಸಲು ಒಂದು ಗಂಟೆ ಹಿಡಿಯಿತು. ಹುಣಿಸೆಮರದಿಂದ ಹದಿನಾಲ್ಕೇ ಹೆಜ್ಜೆ. ಅಮಲ್ದಾರರು ತಾವೇ ನಡೆದು ನೋಡಿದರು. ಚಪ್ಪಡಿ ಎತ್ತಿ, ಲಕ್ಕಯ್ಯ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ಟ. ದೀಪ ಆರಿತು. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು. ಎಲ್ಲರೂ ಕಾದರು. ಗುರುಸಿದ್ದಮ್ಮ ಅಮಲ್ದಾರರಿಗೆ ಮಜ್ಜಿಗೆ ಕೊಟ್ಟಳು, ದೊಡ್ಡಯ್ಯನಿಗೂ ಕೊಟ್ಟಳು. ಮನುಷ್ಯ ತನ್ನ ಲಾಭ ನೋಡಿಕೊಂಡೇ ನಡೆಯುತ್ತಾನೆಂಬುದು ಪುಸ್ತಕದ ಮೊದಲ ವಾಕ್ಯ. ಅದನ್ನು ಬರೆದವರಿಗೆ ಆ ಹೊತ್ತಿನಲ್ಲಿ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಮೂರನೆಯ ಸಲ ದೀಪ ಉರಿಯಿತು. ಲಕ್ಕಯ್ಯ ಇಳಿದ. ಮೊದಲ ಬುಟ್ಟಿ ಮೇಲೆ ಬಂದಾಗ ರಾಗಿ ಕೆಂಪಗೆ, ಬೆಚ್ಚಗೆ, ನಿನ್ನೆ ಬಡಿದಂತಿತ್ತು. ಅಳೆದು ಮುಗಿಸುವಾಗ ಬಿಸಿಲು ಇಳಿದಿತ್ತು.

“ಮೂವತ್ತು ಎಂದು ಬರೆದಿದ್ದಿರಿ,” ಎಂದರು ಅಮಲ್ದಾರರು. “ಇಪ್ಪತ್ತೆಂಟಿದೆ.”

“ಎಲ್ಡು ಪಲ್ಲ ಓದ್ ಆಸಾಡ್ದಾಗೆ ಲಕ್ಕಯ್ಯನ್ ಕೇರಿಗೆ ಕೊಟ್ಟೆ,” ಎಂದಳು ಗುರುಸಿದ್ದಮ್ಮ ಥಟ್ಟನೆ, ಪುಸ್ತಕಕ್ಕೆ ಕಳಂಕ ಬರಬಾರದೆಂದು.

“ಹಾಗೇ ಕೊಟ್ಟೆಯಾ?” ಚನ್ನಬಸವಯ್ಯನವರ ಬಾಯಿಂದ ಬಂತು. ಹಾಗೇ ಕೊಟ್ಟೆ ಎಂದರೆ ಸಾಕಾಗಿತ್ತು ಅವರಿಗೆ.

“ಇಲ್ಲ ಮಗ. ಮೊದ್ಲಾಗಿದ್ರೆ ಅಂಗೇ ಅಳ್ದ್ ಕೊಡ್ತಿದ್ದೆ. ಆದ್ರೆ ನೀನ್ ಓದೇಳಿದ್ಯಲ್ಲ, ಕಡ್ಮೆಗೆ ಕೊಟ್ರೆ ಈಸ್ಕಳೋರ ಮಾನ ಓಯ್ತದೆ ಅಂತ. ಸಂತೇಲಿ ಏನಿತ್ತೋ ಅದ್ಕೇ ಕೊಟ್ಟೆ.” ಆಮೇಲೆ ದನಿ ತಗ್ಗಿಸಿ, “ಆಗ ಒಂಥರಾ ಆಯ್ತು. ಆದ್ರೂ ಕೊಟ್ಟೆ,” ಎಂದಳು.

ಹಗೇವಿನ ಬಾಯಲ್ಲಿ ಲಕ್ಕಯ್ಯನ ತಲೆ ಕಾಣಿಸಿತು, ರೆಪ್ಪೆಯ ಮೇಲೆಲ್ಲ ರಾಗಿಯ ಧೂಳು. “ಆ ದುಡ್ಗೆ ನನ್ವು ಎಲ್ಡು ಮ್ಯಾಕೆ ಓದೊ ಬುದ್ಧಿ,” ಎಂದ. ದೂರೇನೂ ಇರಲಿಲ್ಲ ಆ ಮಾತಿನಲ್ಲಿ. ಲೆಕ್ಕ ಸರಿಯಾಗಿರಲೆಂದು ಹೇಳಿದಂತಿತ್ತು.

ಚನ್ನಬಸವಯ್ಯನವರ ಪುಸ್ತಕವನ್ನು ನಂಬಿ ನಡೆದವರು ಇಡೀ ಸಂಸ್ಥಾನದಲ್ಲಿ ಒಬ್ಬರೇ, ಅದೂ ಓದಲು ಬಾರದವಳು.

ಅಮಲ್ದಾರರು ರಸೀತಿ ಬರೆದುಕೊಟ್ಟು, ಪುಸ್ತಕವನ್ನೂ ಪೆನ್ಸಿಲನ್ನೂ ಮುಂದೆ ಚಾಚಿದರು. “ಸುಳ್ಳು ಎಂಬ ಆ ಸಾಲು ಹೊಡೆದುಹಾಕಿ. ನೀವು ಬರೆದದ್ದೆಲ್ಲ ನಿಜವೆಂದು ಈಗ ರುಜುವಾತಾಯಿತು.” ವ್ಯಂಗ್ಯವಿರಲಿಲ್ಲ, ಅವರು ನ್ಯಾಯವಾದ ಓದುಗರು.

ಚನ್ನಬಸವಯ್ಯನವರ ಕೈ ಏಳಲಿಲ್ಲ.

“ಒಡ್ದಾಕ್ ಮಗ,” ಎಂದಳು ಗುರುಸಿದ್ದಮ್ಮ. ಇಪ್ಪತ್ತೆಂಟು ಪಲ್ಲ ಗಾಡಿಗೇರುತ್ತಿದ್ದರೂ ಆಕೆಯ ಕಣ್ಣು ಆ ಪೆನ್ಸಿಲಿನ ಮೇಲೇ ಇತ್ತು. ಹೊಡೆದುಹಾಕಿದರು. ಆಕೆ ಬಗ್ಗಿ ನೋಡಿ, ಗೆರೆ ಬಿದ್ದದ್ದನ್ನು ಖಾತ್ರಿ ಮಾಡಿಕೊಂಡು, ತನ್ನ ಪ್ರತಿಯನ್ನು ಒಳಗೆ ತೆಗೆದುಕೊಂಡು ಹೋದಳು.

ಆ ಬೇಸಿಗೆ ಚನ್ನಬಸವಯ್ಯನವರು ನೋಟ್‌ಬುಕ್ಕಿಲ್ಲದೆ ಚನ್ನರಾಯಪಟ್ಟಣದ ಸಂತೆಗೆ ಹೋದರು. ಎರಡು ಮೇಕೆ ಕೊಂಡರು. ಮಾರುವವನು ಹೇಳಿದಷ್ಟನ್ನೇ ಕೊಟ್ಟರು. ಅವನು ಗಾಬರಿಯಾಗಿ ಒಂದು ಹಗ್ಗವನ್ನು ಪುಕ್ಕಟೆ ಕೊಟ್ಟ. ಬಾಡಿಗೆ ಗಾಡಿಯಲ್ಲಿ ಮಲ್ಲಿಪಟ್ಟಣಕ್ಕೆ ತಂದು, ಲಕ್ಕಯ್ಯನ ಕೇರಿಗೆ ತಾವೇ ಹಿಡಿದುಕೊಂಡು ಹೋದರು. ಆ ಮನೆಯಲ್ಲಿ ಬೆಳೆದವರು ಆ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು. ಡಿಪೋಗೆ ಹೊರಟಿದ್ದ ಹೆಂಗಸರು ಖಾಲಿ ಚೀಲ ಹಿಡಿದು ನಿಂತು ನೋಡಿದರು.

ಲಕ್ಕಯ್ಯ ಮೇಕೆಗಳ ಹಲ್ಲು ನೋಡಿದ, ಬೆನ್ನು ತಡವಿದ.

“ಏಟ್ ಕೊಟ್ರಿ ಬುದ್ಧಿ?”

ಚನ್ನಬಸವಯ್ಯನವರು ಹೇಳಿದರು.

“ಅಯ್ಯೋ ಸಿವ್ನೇ! ಚೆನ್ನಾಗ್ ಟೋಪಿ ಆಕವ್ರೆ ನಿಮ್ಗೆ.” ಲಕ್ಕಯ್ಯ ಮನಸಾರೆ ನಕ್ಕ. ಕೇರಿಯೂ ನಕ್ಕಿತು. “ಯಾಕ್ ತಂದ್ರಿ ಇವ?”

“ನಿನಗೇ ಕಣೋ. ಇಟ್ಟುಕೋ.”

ನಗು ನಿಂತಿತು. ಲಕ್ಕಯ್ಯ ಹಗ್ಗವನ್ನು ಮುಟ್ಟಲಿಲ್ಲ.

“ಅಂಗೇ ಇಸ್ಕಂಡ್ರೆ ಮಾನ ಓಯ್ತದೆ ಅಂತ ನೀವೇ ಬರ್ದಿದ್ದೀರಂತಲ್ಲ ಬುದ್ಧಿ. ಅವ್ವ ಏಳ್ತು.” ಅವನ ಮುಖದಲ್ಲಿ ತಮಾಷೆಯಿದೆಯೋ ಇಲ್ಲವೋ ಎಂದು ತಿಳಿಯುವಂತಿರಲಿಲ್ಲ. “ಧಾರಣೆ ಏಳಿ. ಸುಗ್ಗಿಗ್ ಕೊಡ್ತೀನಿ.”

ಹದಿನೇಳು ವರ್ಷ ಧಾರಣೆಯ ವಿಷಯವಾಗಿ ಮಾತಾಡಿದ್ದವರು ಮೊದಲ ಸಲ ಒಂದು ಧಾರಣೆ ಹೇಳಬೇಕಾಗಿತ್ತು. ಕೊಟ್ಟಷ್ಟು ಹೇಳುವಂತಿಲ್ಲ, ಲಕ್ಕಯ್ಯ ಆಷಾಢದಲ್ಲಿ ಮಾರಿದ ಬೆಲೆ ಕೇಳುವ ಬಾಯಿಲ್ಲ, ಕಡಿಮೆ ಹೇಳಿದರೆ ಅರವತ್ತಮೂರನೆಯ ಪುಟ ಎದುರಿಗೆ ನಿಂತಿತ್ತು. ಒಂದು ಮೇಕೆ ಅವರ ಪಂಚೆಯ ಅಂಚನ್ನು ಬಾಯಿಗೆ ಹಾಕಿಕೊಂಡಿತು. ಅವರು ಬಿಡಿಸಿಕೊಳ್ಳಲಿಲ್ಲ.

“ಏಳಿ ಬುದ್ಧಿ,” ಎಂದ ಲಕ್ಕಯ್ಯ. “ಚೌಕಾಸಿ ಮಾಡಾಕಿಲ್ಲ ನಾನು.”