ಮೊಮ್ಮೊ ಮಾಸ್ಟ್ರು

೧೯೫೧ರ ಮಾರ್ಚ್. ಮಂಜೇಶ್ವರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಆರನೇ ಫಾರಮಿನವರಿಗೆ ಬೀಳ್ಕೊಡುಗೆ ನಡೆಯುತ್ತಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದರೆ ಕೆಲವರು ಮಂಗಳೂರಿಗೆ, ಕೆಲವರು ಬೊಂಬಾಯಿಗೆ, ಉಳಿದವರು ಮನೆಯ ಗದ್ದೆಗೆ. ಹಾಗಾಗಿ ಅಂದು ಎಲ್ಲರೂ ಸ್ವಲ್ಪ ಹೆಚ್ಚೇ ನಗುತ್ತಿದ್ದರು.

ಆ ತರಗತಿಯಲ್ಲಿ ಉಳಿದಿದ್ದ ಹುಡುಗಿ ಪ್ರಫುಲ್ಲಾ ಒಬ್ಬಳೇ. ಜೊತೆಗಿದ್ದವಳಿಗೆ ಐದನೇ ಫಾರಮಿನಲ್ಲಿ ಮದುವೆಯಾಗಿತ್ತು. ಹುಡುಗರ ನಡುವೆ ಕೂರುವುದು ಹೇಗೆಂದು ಪ್ರಫುಲ್ಲಾ ಗೋಡೆಯ ಬದಿಯ ಬೆಂಚಿನಲ್ಲಿ ಮೋಹಿನಿಯಕ್ಕನ ಪಕ್ಕ ಕುಳಿತಿದ್ದಳು. ಮೋಹಿನಿಯಕ್ಕ ಎಂದರೆ ಭೂಗೋಳದ ಹರಿನಾರಾಯಣ ಮಾಸ್ಟ್ರ ಹೆಂಡತಿ. ಮಕ್ಕಳು ಹೋಗುತ್ತಿದ್ದಾರೆ, ಬಾಯಿ ಸಿಹಿ ಮಾಡಿ ಕಳಿಸಬೇಕು ಎಂದು ಬೆಳಿಗ್ಗೆಯಿಂದ ಶಾಲೆಯ ಹಿತ್ತಲಿನಲ್ಲಿ ಒಲೆ ಹೂಡಿ ಹೆಸರುಬೇಳೆ ಪಾಯಸ ಮಾಡಿದ್ದಳು. ಹೊಗೆಗೆ ಅವಳ ಕಣ್ಣು ಇನ್ನೂ ಕೆಂಪಗಿತ್ತು.

ಕ್ಲಾಸ್ ಲೀಡರ್ ಗುಣಪಾಲ ಎದ್ದು ಹಳೆಯದನ್ನೆಲ್ಲ ನೆನಪಿಸಿದ. ಮಳೆಗಾಲದಲ್ಲಿ ದೋಣಿ ಸಿಗದೆ ಶಾಹುಲ್ ಹಮೀದ್ ಈಜಿಕೊಂಡು ಶಾಲೆಗೆ ಬಂದದ್ದು, ಸ್ವಾತಂತ್ರ್ಯ ಬಂದ ದಿನ ಧ್ವಜದ ಹಗ್ಗ ಸಿಕ್ಕಿಹಾಕಿಕೊಂಡದ್ದು, ವಿಜ್ಞಾನದ ಕೋಣೆಯ ಕಪ್ಪೆ ಹೆಡ್ಮಾಸ್ಟ್ರ ಮೇಜಿನ ಮೇಲೆ ಹಾರಿದ್ದು. ಹೆಡ್ಮಾಸ್ಟ್ರೂ ನಕ್ಕರು. ಮುಂದಿನ ಸಾಲಿನ ಕುರ್ಚಿಯಲ್ಲಿ ಹರಿನಾರಾಯಣ ಮಾಸ್ಟ್ರು ಕೈಕಟ್ಟಿ ಕುಳಿತು ಎಲ್ಲರಿಗಿಂತ ಖುಷಿಯಿಂದ ಕೇಳುತ್ತಿದ್ದರು.

ಅವರಿಗೆ ‘ಮ’ಕಾರ ಬಂದರೆ ನಾಲಿಗೆ ಹಿಡಿಯುತ್ತಿತ್ತು. ಭೂಗೋಳದಲ್ಲಿ ‘ಮ’ ಇಲ್ಲದ ಪಾಠ ಎಲ್ಲಿದೆ? ಮಳೆ, ಮಾರುತ, ಮರುಭೂಮಿ, ಮದ್ರಾಸು. ಆ ಅಕ್ಷರ ಬಂದ ಕೂಡಲೇ ಅವರು ಗಲ್ಲ ಎತ್ತಿ, ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮೇಜಿನ ಅಂಚಿಗೆ ಒತ್ತಿ ಹಿಡಿಯುತ್ತಿದ್ದರು. ಶಬ್ದ ಹೊರಗೆ ಬಂದ ಮೇಲೆ ಏನೂ ಆಗದವರಂತೆ ಪಾಠ ಮುಂದುವರಿಸುತ್ತಿದ್ದರು.

ನಾಲ್ಕನೇ ಫಾರಮಿಗೆ ಅವರು ಬಂದ ವಾರದಲ್ಲೇ ‘ಮೊಮ್ಮೊ ಮಾಸ್ಟ್ರು’ ಎಂಬ ಹೆಸರು ಬಿತ್ತು. ಎಲ್ಲೆಡೆ ಹರಡಿದವನು ಗುಣಪಾಲನಾದ್ದರಿಂದ ಬರಬರುತ್ತ ಇಟ್ಟವನೂ ಅವನೇ ಎಂದು ಎಲ್ಲರೂ ತಿಳಿದಿದ್ದರು. ಗುಣಪಾಲನೂ ಹಾಗೆಯೇ ನಂಬಿದ್ದ. ನಿಜಕ್ಕೂ ಇಟ್ಟವಳು ಪ್ರಫುಲ್ಲಾ. ಆಗ ಹುಡುಗರು ಯಾರೂ ಅವಳೊಡನೆ ಮಾತಾಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಬಾವಿಕಟ್ಟೆಯ ಹತ್ತಿರ ಅವಳು ಆ ಹೆಸರನ್ನು ಮೆಲ್ಲಗೆ ಹೇಳಿದಾಗ ಐದಾರು ಹುಡುಗರು ಹೊಟ್ಟೆ ಹಿಡಿದು ನಕ್ಕರು. ಮರುದಿನದಿಂದ ಅವಳು ಅವರಲ್ಲೊಬ್ಬಳಾದಳು.

ತರಗತಿಯ ಒಳಗೆ ಮಾತ್ರ ಯಾರೂ ನಗುತ್ತಿರಲಿಲ್ಲ. ಹೊಸಂಗಡಿಯ ಲೋಕಯ್ಯ ಯಾರ ದನಿಯನ್ನು ಬೇಕಾದರೂ ಅನುಕರಿಸುತ್ತಿದ್ದ. ಮಾಸ್ಟ್ರು ತಡವರಿಸುವುದನ್ನು ಅವನು ಉಸಿರು ಬಿಗಿಹಿಡಿದು ಕೇಳುತ್ತಿದ್ದ. ಉಳಿದವರು ಅವನಿಗಾಗಿ ಸುಮ್ಮನಿರುತ್ತಿದ್ದರು. ಬೆಲ್ ಹೊಡೆದು ಮಾಸ್ಟ್ರು ಜಗಲಿ ದಾಟಿದ ಮೇಲೆ ಲೋಕಯ್ಯನ ಪಾಠ ಶುರುವಾಗುತ್ತಿತ್ತು.

ಗುಣಪಾಲನ ಮಾತು ಮುಗಿದಾಗ ಹೆಡ್ಮಾಸ್ಟ್ರು, “ಲೋಕಯ್ಯ ಎಂತದೋ ಅನುಕರಣೆ ಮಾಡ್ತಾನಂತಲ್ಲ, ನೋಡುವ” ಎಂದರು. ಲೋಕಯ್ಯ ಎದ್ದು ಮೇಜಿನ ಹಿಂದೆ ನಿಂತ. ಸ್ಟೇಷನ್ ಮಾಸ್ಟ್ರು ಸಿಟ್ಟಾಗುವುದನ್ನು ತೋರಿಸಿದ. ಮೀನು ಮಾರುವವಳ ಕೂಗನ್ನು ತೋರಿಸಿದ. ಧೈರ್ಯ ಮಾಡಿ ಹೆಡ್ಮಾಸ್ಟ್ರ ಕೆಮ್ಮನ್ನೂ ಕೆಮ್ಮಿದ. ಕೋಣೆ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಆ ಅಬ್ಬರದಲ್ಲಿ ಹಿಂದಿನಿಂದ ಯಾರೋ ಕೂಗಿದರು: “ಮೊಮ್ಮೊ ಮಾಸ್ಟ್ರು!” ಇನ್ನಿಬ್ಬರು ದನಿಗೂಡಿಸಿದರು.

“ಸಾಕು ಮಾರಾಯ, ಕೂತುಕೋ” ಎಂದು ಶಾಹುಲ್ ಹಮೀದ್ ಲೋಕಯ್ಯನಿಗೆ ಕೈಸನ್ನೆ ಮಾಡಿದ. ಆದರೆ ಮುಂದಿನ ಸಾಲಿನಲ್ಲಿ ಯಾರಿಗೂ ಏನೂ ಅರ್ಥವಾಗಿರಲಿಲ್ಲ. ಹರಿನಾರಾಯಣ ಮಾಸ್ಟ್ರು ನಗುತ್ತಲೇ ಪಕ್ಕದವರನ್ನು “ಅದು ಯಾರು?” ಎಂದು ಕೇಳುತ್ತಿದ್ದರು.

ಮೋಹಿನಿಯಕ್ಕ ಪ್ರಫುಲ್ಲಾಳ ಕಡೆಗೆ ಬಾಗಿದಳು. “ಯಾರಮ್ಮ ಅದು, ಮೊಮ್ಮೊ ಮಾಸ್ಟ್ರು?”

ಪ್ರಫುಲ್ಲಾ ಅವಳ ಮುಖ ನೋಡದೆ ಹೇಳಿದಳು: “ಮುಂಚೆ ಒಬ್ರು ಇದ್ರು ಅಕ್ಕ. ಈಗ ಇಲ್ಲ.”

“ಹೌದಾ? ಹಾಗಾದ್ರೆ ಅವನಿಗೆ ಹೆದ್ರಿಕೆ ಎಂತಕ್ಕೆ?” ಎಂದ ಮೋಹಿನಿಯಕ್ಕ ದನಿ ಎತ್ತಿ, “ಮಾಡು ಮಗಾ, ನಾವೂ ನೋಡುವ!” ಎಂದಳು.

ಲೋಕಯ್ಯ ಆ ಕಡೆ ನೋಡಿದ, ಈ ಕಡೆ ನೋಡಿದ. ಹುಡುಗರು ತಾಳ ಹಾಕಿ ಚಪ್ಪಾಳೆ ತಟ್ಟುತ್ತಿದ್ದರು. “ಬೇಗ, ಬೇಗ” ಎಂದರು ಹೆಡ್ಮಾಸ್ಟ್ರು. ಸ್ವತಃ ಹರಿನಾರಾಯಣ ಮಾಸ್ಟ್ರು ಮಾಡು ಎಂಬಂತೆ ತಲೆಯಾಡಿಸಿದರು. ಮೂರು ವರ್ಷ ಮಾಡಿ ಮಾಡಿ ಅವನ ಮೈಗೆ ಅದು ಅಭ್ಯಾಸವಾಗಿತ್ತು. ಗಲ್ಲ ತಾನಾಗಿ ಮೇಲಕ್ಕೆ ಹೋಯಿತು, ಕಣ್ಣು ಮುಚ್ಚಿತು, ಹೆಬ್ಬೆರಳು ಮೇಜಿನ ಅಂಚನ್ನು ಒತ್ತಿತು.

“ಮ... ಮ... ಮೊ... ಮಕ್ಕಳೇ...”

ಹಿಂದೆ ಕೂತವರು ಭೋರೆಂದು ನಕ್ಕರು. ಮೋಹಿನಿಯಕ್ಕನೂ ನಗಲು ಬಾಯಿ ತೆರೆದವಳು ಹಾಗೆಯೇ ಉಳಿದಳು. ತನ್ನ ಹೆಸರನ್ನು ಕರೆಯುವ ಮುನ್ನ ಗಂಡ ಗಲ್ಲ ಎತ್ತುವುದನ್ನು ದಿನವೂ ಕಂಡವಳು ಅವಳು. ನಿಧಾನವಾಗಿ ತಿರುಗಿ ಪ್ರಫುಲ್ಲಾಳನ್ನು ನೋಡಿದಳು. ಪ್ರಫುಲ್ಲಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು.

ನಗು ಮುಂದಿನ ಸಾಲಿನಿಂದ ಹಿಂದಕ್ಕೆ ಸಾಲುಸಾಲಾಗಿ ನಿಂತಿತು. ಲೋಕಯ್ಯ ಕಣ್ಣು ತೆರೆದ. ಯಾರೂ ಅಲುಗಾಡದ ಆ ಕೋಣೆಯಲ್ಲಿ ಹರಿನಾರಾಯಣ ಮಾಸ್ಟ್ರು ಒಬ್ಬರೇ ಚಪ್ಪಾಳೆ ತಟ್ಟಿದರು.

“ಲಾಯ್ಕಾಯ್ತು” ಎಂದರು. ಕಿವಿ ಕೆಂಪಾಗಿತ್ತು. “ಭಾರೀ ಲಾಯ್ಕಾಯ್ತು.”

ಅವರು ಎರಡು ಮಾತು ಆಡಬೇಕೆಂದು ಮೊದಲೇ ನಿಶ್ಚಯವಾಗಿತ್ತು. ಹೆಡ್ಮಾಸ್ಟ್ರು ಅವರ ಕಡೆ ನೋಡಿದಾಗ ಅವರು ಕೈ ಅಲ್ಲಾಡಿಸಿ ಬೇಡ ಎಂದರು.

ಪಾಯಸವನ್ನು ಮೋಹಿನಿಯಕ್ಕನೇ ಬಡಿಸಿದಳು. ಬಾಳೆ ಎಲೆಯ ತುಂಡುಗಳ ಮುಂದೆ ಸಾಲಾಗಿ ಕೂತ ಹುಡುಗರಿಗೆ ಬಗ್ಗಿ ಬಗ್ಗಿ ಬಡಿಸಿದಳು. ಲೋಕಯ್ಯನ ಎಲೆಗೂ ಉಳಿದವರಿಗೆ ಹಾಕಿದಷ್ಟೇ ಹಾಕಿದಳು. ಅವನು “ಸಾಕು ಅಕ್ಕ” ಎಂದದ್ದು ಯಾರಿಗೂ ಕೇಳಿಸಲಿಲ್ಲ. ಎಲೆಯಲ್ಲಿ ಬಿಟ್ಟರೆ ಇನ್ನೊಂದು ಅವಮಾನ ಮಾಡಿದಂತೆ ಎಂದು ಎಲ್ಲರೂ ತಲೆತಗ್ಗಿಸಿ ತಿಂದು ಮುಗಿಸಿದರು. ಗುಣಪಾಲ ಕೈ ತೊಳೆಯುವ ನೆಪದಲ್ಲಿ ಎದ್ದು ಹೋದವನು ತಿರುಗಿ ಬರಲಿಲ್ಲ.

ಪ್ರಫುಲ್ಲಾ ಬಾವಿಯ ಹತ್ತಿರ ಹೋದಾಗ ಮೋಹಿನಿಯಕ್ಕ ಒಬ್ಬಳೇ ಪಾಯಸ ಮಾಡಿದ ದೊಡ್ಡ ಚರಿಗೆಯ ತಳವನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಪ್ರಫುಲ್ಲಾ ನೀರು ಸೇದಿ ಹಾಕಿದಳು.

“ಮನೆಯಲ್ಲಿ ಎಂತ ಹೇಳ್ತಿದ್ರು ಗೊತ್ತುಂಟಾ ನಿನಗೆ?” ಮೋಹಿನಿಯಕ್ಕ ತಲೆ ಎತ್ತದೆ ಹೇಳಿದಳು. “ಬೇರೆ ಕ್ಲಾಸಿನ ಮಕ್ಕಳು ನಗ್ತಾರೆ, ಈ ಕ್ಲಾಸಿನವರು ನಗುವುದಿಲ್ಲ. ನಾನು ಹೇಳಿ ಮುಗಿಸುವವರೆಗೆ ಸುಮ್ಮನೆ ಕಾಯ್ತಾರೆ, ಅಷ್ಟು ಒಳ್ಳೆಯವರು ಅಂತ. ಹಾಗೆ ಹೇಳಿದ್ದಕ್ಕೇ ನಾನು ಪಾಯಸ ಮಾಡಿದ್ದು.”

ಪ್ರಫುಲ್ಲಾಳ ಕೈಯಿಂದ ಹಗ್ಗ ಜಾರಿ ಕೊಡಪಾನ ನೀರಿಗೆ ಬಿತ್ತು. “ಅಕ್ಕ, ಆ ಹೆಸರು ಇಟ್ಟದ್ದು ನಾನು.”

ಮೋಹಿನಿಯಕ್ಕನ ಕೈ ನಿಂತಿತು. ಅವಳು ಅಳಬಹುದು, ಬೈಯಬಹುದು ಎಂದು ಪ್ರಫುಲ್ಲಾ ಕಾದಳು. ಬೈದರೆ ಒಳ್ಳೆಯದಿತ್ತು.

“ಇದನ್ನು ಅವರತ್ರ ಹೇಳ್ಬೇಡ” ಎಂದಳು ಮೋಹಿನಿಯಕ್ಕ. “ಕ್ಷಮೆ ಕೇಳ್ಬೇಕು, ನಿನ್ನ ಮನಸ್ಸು ಹಗುರ ಆಗ್ಬೇಕು ಅಂತ ಹೋಗಿ ಹೇಳ್ಬೇಡ. ಹುಡುಗರು ಮಾಡಿದ್ದು, ಹುಡುಗರೇ ಹಾಗೆ ಅಂತ ಅವರು ಅಂದುಕೊಳ್ಳಲಿ. ನಿನ್ನ ಮೇಲೆ ಅವರಿಗೆ ತುಂಬ ವಿಶ್ವಾಸ ಉಂಟು. ಅಷ್ಟಾದರೂ ಇರಲಿ.”

ಪ್ರಫುಲ್ಲಾ “ಆಯ್ತು ಅಕ್ಕ” ಎಂದಳು. ನೀರಿಗೆ ಬಿದ್ದ ಕೊಡಪಾನವನ್ನು ಮೇಲೆತ್ತಲು ಮೋಹಿನಿಯಕ್ಕನೇ ಬರಬೇಕಾಯಿತು.

ಫಲಿತಾಂಶದ ಪತ್ರಿಕೆ ರೈಲಿನಲ್ಲಿ ಬಂದ ದಿನ ತರಗತಿಯ ಬಹುಪಾಲು ಮಂದಿ ಶಾಲೆಯ ಜಗಲಿಯಲ್ಲಿ ಸೇರಿದರು. ಹರಿನಾರಾಯಣ ಮಾಸ್ಟ್ರು ಪತ್ರಿಕೆ ಹರಡಿಕೊಂಡು ನಂಬರು ನೋಡಿ ಹೇಳುತ್ತಿದ್ದರು. “ಪಾಸ್” ಎನ್ನುವರು, “ಸಂತೋಷ” ಎನ್ನುವರು. ಅಷ್ಟೇ. ಮುಂಚೆಯಾಗಿದ್ದರೆ ಇನ್ನು ಎಲ್ಲಿ ಓದುತ್ತಿ, ಮನೆಯಲ್ಲಿ ಎಂತ ಹೇಳ್ತಾರೆ ಎಂದು ಒಬ್ಬೊಬ್ಬನನ್ನೂ ಹಿಡಿದು ನಿಲ್ಲಿಸುತ್ತಿದ್ದರು. ಲೋಕಯ್ಯ ಅವರ ಕಾಲು ಮುಟ್ಟಿದ. “ಸಾರ್, ನಾನು ಅವತ್ತು...” ಎಂದು ಶುರುಮಾಡಿದವನು ಮುಂದೆ ಹೇಳಲಾರದೆ ನಿಂತ. ಮಾಸ್ಟ್ರು “ಆಯ್ತು, ಆಯ್ತು” ಎಂದು ಅವನ ಭುಜ ತಟ್ಟಿ ಮುಂದಿನ ನಂಬರು ಕೇಳಿದರು. ಅವನು ಆಮೇಲೆ ಯಾರ ದನಿಯನ್ನೂ ಅನುಕರಿಸಿದ್ದನ್ನು ಗೆಳೆಯರು ಕೇಳಲಿಲ್ಲ.

ಪ್ರಫುಲ್ಲಾಳನ್ನು ಕಂಡಾಗ ಮಾತ್ರ ಅವರು ಪತ್ರಿಕೆ ಮಡಚಿದರು.

“ಫಸ್ಟ್ ಕ್ಲಾಸ್! ನೀನು ಮ... ಮ... ಮಂಗಳೂರಿಗೆ ಹೋಗಿ ಕಾಲೇಜು ಸೇರ್ಬೇಕು. ಅಪ್ಪ ಒಪ್ಪುವುದಿಲ್ಲ, ನನಗೆ ಗೊತ್ತು. ನಾನು ಬಂದು ಮಾ... ಮಾತಾಡ್ತೇನೆ.”

ಹುಡುಗರೆದುರು ಬಾಯಿ ಬಿಗಿದಿದ್ದವರು ಅವಳೆದುರು ಸಂಕೋಚವಿಲ್ಲದೆ ತಡವರಿಸುತ್ತಿದ್ದರು. ಶಾಹುಲ್ ಹಮೀದ್, ಲೋಕಯ್ಯ ಇಬ್ಬರೂ ಮುಖ ತಿರುಗಿಸಿದರು. ಬೇಡ ಸಾರ್ ಎನ್ನಲು ಪ್ರಫುಲ್ಲಾಳಿಗೆ ನಾಲಿಗೆಯ ತುದಿಯವರೆಗೆ ಬಂತು. ಆದರೆ ಕಾರಣ ಕೇಳಿದರೆ ಏನು ಹೇಳುವುದು?

ಮುಂದಿನ ಭಾನುವಾರ ಅವರು ಬಿಸಿಲಲ್ಲಿ ನಡೆದು ಪ್ರಫುಲ್ಲಾಳ ಮನೆಗೆ ಬಂದರು. ಚಾವಡಿಯಲ್ಲಿ ಅವಳ ಅಪ್ಪನೆದುರು ಕೂತು, ಹುಡುಗಿಯನ್ನು ಓದಿಸಬೇಕೆಂದು ಬಹಳ ಹೊತ್ತು ವಾದಿಸಿದರು. ಮಗಳು, ಮದುವೆ, ಮಂಗಳೂರು, ಮರ್ಯಾದೆ: ಆಡಬೇಕಾದ ಮಾತೆಲ್ಲ ಅದೇ ಅಕ್ಷರದಿಂದ ಶುರುವಾಗುತ್ತಿತ್ತು. ಒಂದನ್ನೂ ಅವರು ಅರ್ಧಕ್ಕೆ ಬಿಡಲಿಲ್ಲ. ಕೊನೆಗೆ ಅಪ್ಪ, “ನೀವು ಇಷ್ಟು ಹೇಳುವಾಗ ನಾನು ಇಲ್ಲ ಹೇಳುವುದು ಹೇಗೆ?” ಎಂದರು.

ಅಡಿಗೆಮನೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದ ಅಮ್ಮ ಬಾಗಿಲ ಸಂದಿಯಿಂದ ಇಣುಕಿ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡಳು.

“ಪಾಪ, ಒಳ್ಳೆ ಮನುಷ್ಯ. ಆದ್ರೆ ಈ ಬಾಯಿ ಇಟ್ಟುಕೊಂಡು ಪಾಠ ಹೇಗೆ ಮಾಡ್ತಾರೆ ಮಾರಾಯ್ತಿ? ನಿಮಗೆಲ್ಲ ಕ್ಲಾಸಿನಲ್ಲಿ ನಗು ಬರ್ತಿರಲಿಲ್ವಾ?”

“ಬರ್ತಿತ್ತು ಅಮ್ಮ” ಎಂದಳು ಪ್ರಫುಲ್ಲಾ. ಲೋಟಕ್ಕೆ ಮಜ್ಜಿಗೆ ತುಂಬಿ, ಎರಡೂ ಕೈಯಲ್ಲಿ ಹಿಡಿದು, ಚಾವಡಿಗೆ ನಡೆದಳು.