ನಿಂಬೆಗಾತ್ರದ ಕಲ್ಲು

ತನ್ನ ಅಣ್ಣ ಕಲ್ಲು ಆರಿಸುವುದನ್ನು ಮಾಲಿ ಬೇಲಿಗಿಡದ ಹಿಂದೆ ಕತ್ತರಿ ಹಿಡಿದು ನಿಂತೇ ನೋಡಿದ. ಹನ್ನೊಂದು ವರ್ಷದ ಮೇಲೆ ಕಂಡ ಮುಖ. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು, ಉಳಿದಂತೆ ಅದೇ ಆಸಾಮಿ. ಗೇಟಿನ ಬಳಿಯ ರಾಶಿಯ ಕಲ್ಲುಗಳನ್ನೆಲ್ಲ ಒಂದೊಂದಾಗಿ ಎತ್ತಿ ತೂಗಿ ನೋಡಿ, ಕೊನೆಗೆ ನಿಂಬೆಹಣ್ಣಿನಷ್ಟಿದ್ದ ಒಂದನ್ನು ಹಿಡಿದುಕೊಂಡು ಹೊರಟ.

ಧ್ಯಾನಕೇಂದ್ರದ ತೋಟದಲ್ಲಿ ಅದೊಂದು ಪದ್ಧತಿ. ಮೂರು ದಿನದ ಮೌನಕ್ಕೆ ಬಂದವರು ತಮ್ಮ ಪಾಪದ ಭಾರವೆಂದು ಒಂದು ಕಲ್ಲು ಹೊತ್ತು, ಯೇಸು ಶಿಲುಬೆ ಹೊತ್ತು ನಡೆದುದನ್ನು ನೆನೆಯುವ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳಲ್ಲೂ ನಿಂತು ಪ್ರಾರ್ಥಿಸುತ್ತಾರೆ. ಕೊನೆಯ ದಿನ ಅದನ್ನು ದಿಬ್ಬದ ಮೇಲಿನ ದೊಡ್ಡ ಶಿಲುಬೆಯ ಬುಡದಲ್ಲಿ ಇಳಿಸಿ, ಹಗುರಾಗಿ ಊಟಕ್ಕೆ ಹೋಗುತ್ತಾರೆ. ಮಾಲಿ ಅವನ್ನೆಲ್ಲ ತಳ್ಳುಗಾಡಿಗೆ ತುಂಬಿ ಮುಂದಿನ ತಂಡಕ್ಕೆಂದು ಮತ್ತೆ ಗೇಟಿನ ಬಳಿ ತಂದು ಸುರಿಯಬೇಕು. ಪಾಪ ಯಾರದ್ದೋ, ಸೊಂಟನೋವು ಇವನದ್ದು. ಒಂಬತ್ತು ವರ್ಷದಿಂದ ಇದೇ ಕೆಲಸ.

ಅವನಿಗೆ ಬೇಕಾಗಿದ್ದುದು ಒಂದೇ ಮಾತು. ಅಮ್ಮ ಕೊನೆಗಾಲದಲ್ಲಿ ಅಣ್ಣನ ಮನೆಯಲ್ಲಿದ್ದಳು. ನೋಡಲು ಹೋದರೆ ಅಣ್ಣ ಬಾಗಿಲು ತೆರೆಯಲಿಲ್ಲ. ಸತ್ತ ಸುದ್ದಿಯನ್ನೂ ಮುಟ್ಟಿಸಲಿಲ್ಲ. ತಿಂಗಳ ಮೇಲೆ ಯಾರೋ ಹೇಳಿ ಓಡಿಹೋದಾಗ ಮನೆಗೆ ಬೀಗ. ಊರಿನ ಮೂರೂ ಸ್ಮಶಾನ ಅಲೆದ. ಹೊಸ ಮಣ್ಣುಗುಡ್ಡೆಗಳಿಗೆ ಇನ್ನೂ ಹೆಸರು ಬಿದ್ದಿರಲಿಲ್ಲ; ಆಮೇಲೆ ಹೋದಾಗಲೂ ಅವಳ ಹೆಸರು ಎಲ್ಲೂ ಕಾಣಲಿಲ್ಲ. ಕಂಡಕಂಡವರ ಪ್ರಾರ್ಥನೆಗೆ ಗುಲಾಬಿ ಬೆಳೆಸುವವನಿಗೆ ಹೆತ್ತವಳ ತಲೆಯ ಬಳಿ ಒಂದು ಗಿಡ ನೆಡುವ ಆಸೆಯಿತ್ತು, ಅಷ್ಟೇ.

ಎರಡನೆಯ ದಿನ ಏಳನೆಯ ಸ್ಥಳದಲ್ಲಿ ಅಣ್ಣ ಒಬ್ಬನೇ ಸಿಕ್ಕಿದ. ಮಾಲಿಗೆ ತಡೆಯಲಾಗಲಿಲ್ಲ.

"ಅಣ್ಣಾ, ಅಮ್ಮನ್ನ ಎಲ್ಲಿ ಮಣ್ಣು ಮಾಡ್ದೆ? ಅದೊಂದು ಹೇಳ್ಬಿಡು, ಬೇರೇನೂ ಕೇಳಲ್ಲ."

ಅಣ್ಣ ಬೆಚ್ಚಿಬಿದ್ದ. ಆಮೇಲೆ ತುಟಿಯ ಮೇಲೆ ಬೆರಳಿಟ್ಟು, ಮರಕ್ಕೆ ಹೊಡೆದಿದ್ದ 'ಮೌನ' ಎಂಬ ಹಲಗೆ ತೋರಿಸಿ ಮುಂದೆ ನಡೆದ. ಆ ಹಲಗೆಗೆ ಬಣ್ಣ ಬಳಿದವನು ಮಾಲಿಯೇ.

ಸಂಜೆ ಕೇಂದ್ರ ನೋಡಿಕೊಳ್ಳುವ ಸಿಸ್ಟರ್ ಕರೆಸಿದರು. "ಧ್ಯಾನಕ್ಕೆ ಬಂದೋರನ್ನ ಮಾತಾಡಿಸ್ತೀಯಂತೆ? ಒಬ್ರು ಚೀಟಿ ಬರೆದುಕೊಟ್ಟಿದಾರೆ. ಇನ್ನೊಂದ್ಸಲ ಹೀಗಾದ್ರೆ ಬೇರೆ ಕೆಲಸ ನೋಡ್ಕೋ."

"ಅವ್ರು ನಮ್ಮಣ್ಣ, ಸಿಸ್ಟರ್."

"ಇಲ್ಲಿ ಎಲ್ರೂ ಅಣ್ಣತಮ್ಮಂದಿರೇ ಕಣಪ್ಪಾ," ಎಂದು ನಕ್ಕು ಅವರು ಪ್ರಾರ್ಥನೆಗೆ ಹೋದರು.

ಕೊನೆಯ ದಿನ ಊಟದೊಂದಿಗೆ ಮೌನ ಮುರಿಯಿತು. ಮಾಲಿ ಅಣ್ಣನ ಕಾರಿನ ಪಕ್ಕದಲ್ಲೇ ಕಾದು ನಿಂತ. ಅಣ್ಣನ ಕಣ್ಣು ಅತ್ತು ಊದಿತ್ತು, ಮುಖ ಮಾತ್ರ ಆಗಷ್ಟೇ ಮೀಯಿಸಿದ ಮಗುವಿನಂತಿತ್ತು. ಬಂದವನೇ ತಮ್ಮನನ್ನು ತಬ್ಬಿಕೊಂಡ.

"ಎಲ್ಲ ಹೇಳ್ಕೊಂಡೆ ಕಣೋ. ಅಮ್ಮಂದು, ನಿಂದು, ಎಲ್ಲಾ. ಫಾದರ್ ಮುಂದೆ ಗಳಗಳ ಅತ್ಬಿಟ್ಟೆ."

"ಒಳ್ಳೇದಾಯ್ತು. ಎಲ್ಲಿ ಮಣ್ಣು ಮಾಡ್ದೆ?"

ಅಣ್ಣನ ಕೈ ಸಡಿಲವಾಯಿತು. "ನೋಡು, ಮತ್ತೆ ಅದನ್ನೇ ಕೆದಕ್ತೀಯ. ಶಿಲುಬೆ ಹತ್ರ ಇಳಿಸಿದ್ದನ್ನ ತಿರುಗಿ ಎತ್ತಬಾರ್ದಂತೆ, ಫಾದರ್ ಹೇಳಿದಾರೆ. ನೀನೂ ಬಿಟ್ಬಿಡು. ಮನಸ್ಸು ಹಗುರಾಗತ್ತೆ."

"ಕಾಲು ಹಿಡೀತೀನಿ, ಅಣ್ಣಾ."

ಹಿಡಿದೇಬಿಟ್ಟ. ಅಣ್ಣ ಮೆಲ್ಲಗೆ ಕಾಲು ಬಿಡಿಸಿಕೊಂಡು ಒಳಗೆ ಕೂತು ಬಾಗಿಲು ಹಾಕಿಕೊಂಡ. ಗಾಜು ಇಳಿಸಿ, "ತೋಟ ಚೆನ್ನಾಗಿ ಇಟ್ಟಿದೀಯ," ಎಂದ.

ಕಾರು ಹೋದ ಮೇಲೆ ಮಾಲಿ ತಳ್ಳುಗಾಡಿ ತೆಗೆದುಕೊಂಡು ದಿಬ್ಬ ಹತ್ತಿದ. ಸಂಜೆಗೆ ಹೊಸ ತಂಡ ಬರುವುದಿತ್ತು. ದೊಡ್ಡ ಕಲ್ಲುಗಳನ್ನು ತುಂಬಿ, ನಿಂಬೆಗಾತ್ರದ್ದನ್ನು ಎಲ್ಲಕ್ಕಿಂತ ಮೇಲೆ ಇಟ್ಟ. ಇಳಿಜಾರಿನಲ್ಲಿ ಗಾಡಿ ಕುಲುಕಿ, ಏಳನೆಯ ಸ್ಥಳದ ಹತ್ತಿರ ಅದು ಉರುಳಿ ಹುಲ್ಲಿಗೆ ಬಿತ್ತು. ಮಾಲಿ ಗಾಡಿ ನಿಲ್ಲಿಸಿದ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಿಂತಿದ್ದು, ಸೊಂಟಕ್ಕೆ ಒಂದು ಕೈ ಕೊಟ್ಟು, ಬಗ್ಗಿ ಎತ್ತಿಕೊಂಡ.