ಬರಗಾಲದ ಮೈ

ನಮ್ಮಜ್ಜಿಯ ಕಥೆಗಳಲ್ಲಿ ಮಕ್ಕಳಿಲ್ಲದ ರಾಣಿಯರು ಏನನ್ನಾದರೂ ತಿಂದೇ ಬಸಿರಾಗುತ್ತಿದ್ದರು. ಮುದುಕನೊಬ್ಬ ಜೋಳಿಗೆಯಿಂದ ಹಣ್ಣು ತೆಗೆದು ಕೊಡುತ್ತಿದ್ದ. ರಾಣಿ ಹಣ್ಣು ತಿಂದು ಸಿಪ್ಪೆಯನ್ನು ಕಿಟಕಿಯಾಚೆ ಎಸೆದರೆ, ಅದನ್ನು ತಿಂದ ಕುದುರೆಗೂ ಮರಿಯಾಗುತ್ತಿತ್ತು. "ಸಿಪ್ಪೆಗೇ ಅಷ್ಟು ಶಕ್ತಿನಾ ಅಜ್ಜೀ?" ಅಂತ ಕೇಳಿದರೆ, "ಸುಮ್ನೆ ಹೂಂ ಅನ್ನೇ, ಇಲ್ದಿದ್ರೆ ಕುದುರೆ ಕಥೆಯಿಂದ ಓಡಿಹೋಗುತ್ತೆ" ಅನ್ನುತ್ತಿದ್ದಳು.

ಊಟ ಬಿಟ್ಟು ಬಸಿರಾದ ರಾಣಿಯ ಕಥೆಯನ್ನು ಅಜ್ಜಿ ಒಮ್ಮೆಯೂ ಹೇಳಲಿಲ್ಲ. ಇದು ನನಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ.

ನಾನು ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವವಳು. ತಿರುಗುವ ಮಣೆಯ ಮೇಲೆ ಕೇಕನ್ನಿಟ್ಟು, ಕಾಗದದ ಕೊಳವೆಯಲ್ಲಿ ಕ್ರೀಮು ತುಂಬಿ, ಉಸಿರು ಬಿಗಿಹಿಡಿದು ಹಿಂಡಬೇಕು. ಬೆರಳಿಗೆ ಅಂಟಿದ್ದನ್ನು ನೆಕ್ಕಿ ಸಿಹಿ ನೋಡುವುದೂ ಕೆಲಸದ ಭಾಗವೇ. ಬರೆಯುವುದು ಹೆಚ್ಚಾಗಿ ಮಕ್ಕಳ ಹೆಸರು. ಮದುವೆಯಾದ ಹೊಸದರಲ್ಲಿ ಒಂದೊಂದು ಹೆಸರನ್ನೂ ಮೆಲ್ಲಗೆ ಕರೆದು, ನಮ್ಮನೆಯ ಹಜಾರದಲ್ಲಿ ಅದು ಹೇಗೆ ಕೇಳಿಸೀತು ಅಂತ ಕನಸು ಕಾಣುತ್ತಿದ್ದೆ.

ಹೆಸರುಗಳೆಲ್ಲ ಬೇರೆಯವರ ಮನೆಗೇ ಹೋದವು. ಕೊನೆಗೆ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ ಹೇಳಿದರು: "ನಿಮ್ಮ ವಯಸ್ಸಿಗೆ ಇರಬೇಕಾದಷ್ಟು ಅಂಡಾಣು ಉಳಿದಿಲ್ಲ. ತುಂಬಾ ಕಾಯೋ ಹಾಗಿಲ್ಲ, ಚಿಕಿತ್ಸೆ ಬೇಗ ಶುರುಮಾಡೋಣ. ಅಷ್ಟರಲ್ಲಿ ಇಬ್ರೂ ಊಟ ಸ್ವಲ್ಪ ಸರಿ ಮಾಡ್ಕೊಳ್ಳಿ. ಸಕ್ಕರೆ, ಮೈದಾ, ಬಾಟಲಿ ಪಾನೀಯ ಕಡಿಮೆ ಮಾಡಿ. ಬೇಳೆಕಾಳು, ಮೊಟ್ಟೆ, ಸೊಪ್ಪು, ಹಣ್ಣು ಚೆನ್ನಾಗಿ ತಿನ್ನಿ. ಅಷ್ಟಕ್ಕೇ ಮಗು ಆಗ್ಬಿಡುತ್ತೆ ಅಂತಲ್ಲ, ಮೈ ಗಟ್ಟಿ ಇರ್ಬೇಕು." ನನ್ನ ಗಂಡನ ಕಡೆ ತಿರುಗಿ, "ನಿಮ್ಮ ಪರೀಕ್ಷೆನೂ ಆಗ್ಬೇಕು" ಅಂದರು. ನನ್ನ ಗಂಡ ಬಸ್ಸು ಓಡಿಸುವವರು. ನಿಲ್ದಾಣವಿಲ್ಲದ ಕಡೆ ಕೈ ತೋರಿಸಿದವರಿಗೆ ಹೇಗೋ ಹಾಗೆ, ಒಂದು ಸಲ ತಲೆಯಾಡಿಸಿ ಮುಂದೆ ಹೋದರು.

ಅಡುಗೆಮನೆಯಲ್ಲಿ ಅತ್ತೆ ಎಲ್ಲ ಕೇಳಿಸಿಕೊಂಡರು. "ಮೊಟ್ಟೆ, ಕಾಳು ಎಲ್ಲಾ ಉಷ್ಣ ಕಣೇ! ಒಳಗೆ ಕೂರೋ ಜೀವ ಕರಗಿ ಹೋಗಲ್ವಾ? ಅವೆರಡು ಬಿಟ್ಟು ಬೇರೆ ಏನಾದ್ರೂ ತಿನ್ನು."

ನಾದಿನಿ ಫೋನಿನಿಂದ ತಲೆ ಎತ್ತಲಿಲ್ಲ. "ಅತ್ತಿಗೆ, ಅನ್ನ, ಬ್ರೆಡ್ಡು ಮುಟ್ಟಲೇಬಾರದಂತೆ. ಹಾಲೂ ಬೇಡವಂತೆ. ಇಲ್ಲೊಬ್ಳು ಬಿಟ್ಟಿದ್ದಕ್ಕೆ ಅವಳಿ ಆಗಿದೆ ನೋಡಿ."

ಪಕ್ಕದ ಮನೆಯಾಕೆ ಹಣ್ಣಿನ ಸಿಹಿಯೂ ಸಿಹಿಯೇ ಅಂದಳು.

ನಾನು ಯಾರ ಮಾತನ್ನೂ ತೆಗೆದುಹಾಕಲಿಲ್ಲ. ಅತ್ತೆಯ ಮಾತು ಮೀರಿ ಒಂದು ಮೊಟ್ಟೆ ತಿಂದು, ಮಗು ಆಗದೇ ಹೋದರೆ? ಆ ಒಂದು ಮೊಟ್ಟೆ ಜನ್ಮವಿಡೀ ನನ್ನ ಕಡೆ ಬೆರಳು ತೋರಿಸುತ್ತಿರುತ್ತದೆ. ಡಾಕ್ಟರಮ್ಮ ಕಡಿಮೆ ಮಾಡಿ ಅಂದದ್ದನ್ನು ನಾನು ಪೂರ್ತಿ ಬಿಟ್ಟೆ. ಉಳಿದವರು ಬಿಡು ಅಂದದ್ದನ್ನೂ ಬಿಟ್ಟೆ. ಬಿಟ್ಟಷ್ಟೂ ಮಗು ಹತ್ತಿರ ಬರುತ್ತಿದೆ ಅನ್ನಿಸುತ್ತಿತ್ತು. ತಟ್ಟೆಯಲ್ಲಿ ಬೇಯಿಸಿದ ಸೊಪ್ಪು, ಸೌತೆಕಾಯಿ ಉಳಿದವು. ಹಸಿವಾದಾಗ ನೀರು ಕುಡಿದು, ಏಳು ಸಮುದ್ರ ದಾಟುತ್ತಿದ್ದೇನೆ, ಆಚೆ ದಡದಲ್ಲಿ ತೊಟ್ಟಿಲಿದೆ ಅಂದುಕೊಳ್ಳುತ್ತಿದ್ದೆ.

ಗಂಡನ ಊಟದ ಚೀಲದಲ್ಲಿ ಮಾತ್ರ ಬಣ್ಣದ ಸಿಹಿನೀರಿನ ಬಾಟಲಿ ಎಂದಿನಂತೆ ಉರುಳಾಡುತ್ತಿತ್ತು.

"ರೀ, ಡಾಕ್ಟರು ಇಬ್ರಿಗೂ ಹೇಳಿದ್ರಲ್ವಾ?"

"ಇಂಜಿನ್ ಬಿಸಿಗೆ ಬಾಯಿ ಒಣಗುತ್ತೆ ಮಾರಾಯ್ತಿ. ಬರೋ ವಾರ ಬಿಡ್ತೀನಿ."

"ದುಡಿಯೋ ಗಂಡಸಿನ ಬಾಟಲಿ ಮೇಲೆ ಯಾಕೇ ಕಣ್ಣು?" ಒಳಗಿನಿಂದ ಅತ್ತೆ ಅಂದರು. "ಬಸಿರು ಹೊರೋಳು ನೀನು ತಾನೇ?"

ಬೇಕರಿಯಲ್ಲಿ ಬೆರಳು ನೆಕ್ಕುವುದನ್ನೂ ನಿಲ್ಲಿಸಿದೆ. ಒದ್ದೆ ಬಟ್ಟೆಗೆ ಒರೆಸಿಕೊಳ್ಳುತ್ತಿದ್ದೆ. ನಾವೆಲ್ಲ ಸಕ್ಕರೆ ಮಾಮ ಅಂತ ಕರೆಯುವ ಬೇಕರಿ ಯಜಮಾನರು ಒಲೆಯ ಮುಂದಿನಿಂದಲೇ ಕೂಗಿದರು: "ಏನಮ್ಮಾ, ಮೇಣದಬತ್ತಿ ಥರ ಆಗಿದ್ದೀಯ! ಕೇಕಿನ ಹತ್ತಿರ ನಿಲ್ಬೇಡ, ಯಾರಾದ್ರೂ ಊದಿಬಿಟ್ಟಾರು!" ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟು, ಗೋಡೆ ಹಿಡಿದು ಕೂತೆ. ಅದನ್ನು ಯಾರಿಗೂ ಹೇಳಲಿಲ್ಲ.

ಆ ತಿಂಗಳು ಮುಟ್ಟಾಗಲಿಲ್ಲ. ಮರು ತಿಂಗಳೂ ಇಲ್ಲ.

ಪರೀಕ್ಷೆಯ ಕಡ್ಡಿ ತರಲು ನನಗೆ ಧೈರ್ಯ ಬರಲಿಲ್ಲ. ಇಣುಕಿ ನೋಡಿದರೆ ಹೊರಟುಹೋಗುತ್ತದೆ ಅನ್ನುವಂತೆ, ಹೊಟ್ಟೆಯ ಮೇಲೆ ಕೈಯಿಟ್ಟು ಮೆತ್ತಗೆ ಓಡಾಡಿದೆ. ಅತ್ತೆಗೆ ಗೊತ್ತಾದದ್ದು ಹೇಗೋ. ಭಾರದ ಬಕೆಟ್ಟನ್ನು ನನ್ನ ಕೈಯಿಂದ ಕಿತ್ತುಕೊಂಡು, "ಇಡೇ ಅದನ್ನ, ಮಗಳೇ" ಅಂದರು. ಮದುವೆಯಾದಾಗಿನಿಂದ ಅವರು ಹಾಗೆ ಕರೆದಿರಲಿಲ್ಲ. ಬೇಕರಿಗೂ ಸುದ್ದಿ ಮುಟ್ಟಿತು. "ಹೆಸರು ನೀನೇ ಬರೀಬೇಕು, ಕೇಕು ನಂದು" ಅಂದರು ಸಕ್ಕರೆ ಮಾಮ.

ಡಾಕ್ಟರಮ್ಮನ ಪರದೆಯ ಮೇಲೆ ಬೂದು ಬಣ್ಣದ ಕತ್ತಲೆಯಿತ್ತು. ಅವರು ತುಂಬ ಹೊತ್ತು ಹುಡುಕಿದರು. ಆಮೇಲೆ ನನ್ನ ಮಣಿಕಟ್ಟು ಹಿಡಿದು ನೋಡಿದರು.

"ಏನಮ್ಮಾ ತಿಂತಾ ಇದ್ದೀರಿ ನೀವು?"

ಹೇಳಿದೆ. ಹೇಳಿ ಮುಗಿಯಲು ಹೊತ್ತೇ ಹಿಡಿಯಲಿಲ್ಲ.

"ಇದು ಬಸಿರಲ್ಲ," ಅಂದರು. "ಸರಿಯಾಗಿ ಊಟ ಸಿಗದೆ ಮುಟ್ಟು ನಿಂತಿದೆ. ಊರಿಗೆ ಬರಗಾಲ ಬಂದಿದೆ ಅಂತ ನಿಮ್ಮ ಮೈ ತಿಳ್ಕೊಂಡಿದೆ. ಬರಗಾಲದಲ್ಲಿ ಅದು ಮಗು ಕಟ್ಟೋಕೆ ಹೋಗಲ್ಲ."

"ಈಗಿಂದ ಎಲ್ಲಾ ತಿಂತೀನಿ. ಸರಿಹೋಗುತ್ತೆ ಅಲ್ವಾ?"

"ಮುಟ್ಟು ಮತ್ತೆ ಬರಬಹುದು. ಬರಗಾಲ ಮುಗೀತು ಅಂತ ಮೈ ನಂಬೋಕೆ ತಿಂಗಳುಗಳು ಬೇಕು, ವರ್ಷವೂ ಆಗಬಹುದು. ಈ ಸ್ಥಿತಿಯಲ್ಲಿ ನಾನು ಚಿಕಿತ್ಸೆ ಶುರುಮಾಡೋ ಹಾಗಿಲ್ಲ." ಪರದೆ ಆರಿಸಿದರು. "ನಿಮ್ಮ ಹತ್ರ ಇರೋ ಕಾಲ ಮೊದಲೇ ಕಡಿಮೆ ಇತ್ತು. ಸುಳ್ಳು ಆಸೆ ಕೊಡಲ್ಲ ನಾನು." ಬಾಗಿಲವರೆಗೂ ಬಂದು ಕೇಳಿದರು, "ನಿಮ್ಮ ಯಜಮಾನರ ಪರೀಕ್ಷೆ ಇನ್ನೂ ಆಗಿಲ್ವಾ?"

ಮನೆಯಲ್ಲಿ ವಿಷಯ ಹೇಳಿದಾಗ ಅತ್ತೆ ಸೌಟು ಹಿಡಿದುಕೊಂಡೇ ನಿಂತರು. "ನಾನು ಮೊಟ್ಟೆ, ಕಾಳು ಮಾತ್ರ ಬೇಡ ಅಂದಿದ್ದು ಕಣೇ."

"ನಾನು ಅನ್ನ, ಬ್ರೆಡ್ಡು, ಹಾಲು ಅಷ್ಟೇ ಹೇಳಿದ್ದು," ಅಂದಳು ನಾದಿನಿ. ಫೋನು ಕೆಳಗಿಟ್ಟಿದ್ದಳು.

ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬೊಬ್ಬರೂ ಸ್ವಲ್ಪ ಸ್ವಲ್ಪವೇ ತೆಗೆದಿದ್ದರು.

ಅತ್ತೆ ತಟ್ಟೆ ತುಂಬ ಬಡಿಸಿದರು. ಅನ್ನ, ಬೇಳೆ, ಎರಡು ಹೋಳು ಮಾಡಿದ ಮೊಟ್ಟೆ. ನನ್ನನ್ನು ಹೆಸರು ಹಿಡಿದೂ ಕರೆಯಲಿಲ್ಲ, ಮಗಳೇ ಅಂತಲೂ ಅನ್ನಲಿಲ್ಲ. "ತಿನ್ನು" ಅಂದರು ಅಷ್ಟೆ. ಎದುರಿಗೆ ಗಂಡ ತಲೆ ಬಗ್ಗಿಸಿ ಊಟ ಮಾಡುತ್ತಿದ್ದರು. ಬಾಟಲಿಯ ಮುಚ್ಚಳ ತಿರುಗಿಸಿದಾಗ ಸುಸ್ಸೆಂದು ಗಾಳಿ ಹೋಯಿತು.

ಅನ್ನ ಕಲಸಿ ತುತ್ತು ಮಾಡಿದೆ. ಅಜ್ಜಿ ಹೀಗೇ ಕಲಸುತ್ತಿದ್ದಳು. ಇದು ರಾಜನ ತುತ್ತು, ಇದು ರಾಣಿಯ ತುತ್ತು, ಇದು ಕುದುರೆಯ ತುತ್ತು ಅನ್ನುತ್ತಾ ನನ್ನ ಬಾಯಿಗೆ ಇಡುತ್ತಿದ್ದಳು. ಅದೇ ಅಳತೆಯ ತುತ್ತು, ಮಗುವಿನ ಬಾಯಿಗೆ ಹಿಡಿಸುವಷ್ಟು, ನನ್ನ ಬೆರಳ ತುದಿಯಲ್ಲಿತ್ತು. ಹೂಂ ಅನ್ನುವವರು ಯಾರೂ ಇರಲಿಲ್ಲ. ಬಾಯಿಯ ಹತ್ತಿರದವರೆಗೂ ತಂದು, ತಟ್ಟೆಗೇ ಇಳಿಸಿದೆ.